ಮೆದುಳಿಗೆ ಬೇಕಿರುವುದು ಗ್ಲೂಕೋಸ್, ಅಂಗಡಿಯಲ್ಲಿ ಮಾರುತ್ತಿರುವುದು ಸಕ್ಕರೆ

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿತು. ಪ್ರತಿ ಶಾಲೆಯಲ್ಲೂ ‘ಶುಗರ್ ಬೋರ್ಡ್’ ಹಾಕಬೇಕು, ದಿನಕ್ಕೆ ಎಷ್ಟು ಸಕ್ಕರೆ ತಿನ್ನಬಹುದು, ಜಂಕ್ ಫುಡ್ ಮತ್ತು ತಂಪು ಪಾನೀಯಗಳಲ್ಲಿ ಎಷ್ಟಿರುತ್ತೆ ಅನ್ನೋದನ್ನ ಮಕ್ಕಳಿಗೆ ಕಾಣುವಂತೆ ಬರೆಯಬೇಕು ಅನ್ನೋದು ಅದರ ಸಾರ. 4ರಿಂದ 10 ವರ್ಷದ ಮಕ್ಕಳ ದಿನದ ಕ್ಯಾಲೊರಿಯಲ್ಲಿ ಶೇ. 13ರಷ್ಟು, 11ರಿಂದ 18 ವರ್ಷದವರಲ್ಲಿ ಶೇ. 15ರಷ್ಟು ಸಕ್ಕರೆಯಿಂದಲೇ ಬರುತ್ತಿದೆ, ಇರಬೇಕಾದದ್ದು ಶೇ. 5 ಮಾತ್ರ ಎಂದು ಸುತ್ತೋಲೆ ಎಚ್ಚರಿಸಿತ್ತು.

ಒಳ್ಳೆಯ ಹೆಜ್ಜೆ. ಆದರೆ ಸಕ್ಕರೆ ಬಗ್ಗೆ ನಡೆಯುವ ಮಾತೆಲ್ಲ ಸಾಮಾನ್ಯವಾಗಿ ಎಲ್ಲಿಗೆ ಹೋಗಿ ನಿಲ್ಲುತ್ತೆ? ಸಕ್ಕರೆ ಕಾಯಿಲೆ, ಬೊಜ್ಜು, ಹುಳುಕು ಹಲ್ಲು. ಮೂರೂ ನಿಜ. ಆದರೆ 20 ವರ್ಷದ ಆರೋಗ್ಯವಂತ ಹುಡುಗ-ಹುಡುಗಿಗೆ ಈ ಮೂರೂ ದೂರದ ಮಾತು. ‘ನಂಗಿನ್ನೂ ಶುಗರ್ ಬಂದಿಲ್ವಲ್ಲ’ ಅಂದುಬಿಟ್ಟರೆ ಮುಗೀತು.

ಇನ್ನೊಂದು ಕಡೆ, ಇದೇ ವಯಸ್ಸಿನವರಿಗೆ ಸಿಹಿ ಮಾರುವವರು ಬಳಸೋ ಪದಗಳನ್ನು ಗಮನಿಸಿ. ನೆನಪಿನ ಶಕ್ತಿ, ಏಕಾಗ್ರತೆ, ಚುರುಕು, ಎನರ್ಜಿ. ಅಂದರೆ ಸಕ್ಕರೆಯನ್ನು ಬೈಯೋದು ಹೊಟ್ಟೆಯ ಹೆಸರಿನಲ್ಲಿ, ಮಾರೋದು ತಲೆಯ ಹೆಸರಿನಲ್ಲಿ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ ಅರ್ಧ ದಿನ ಕಳೆದರೆ ಇದು ಅರ್ಥವಾಗುತ್ತೆ. ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುವಾಗ ಒಂದು ಚಹಾ, ಜೊತೆಗೆ ಕ್ರೀಮ್ ಬಿಸ್ಕತ್ತು. ರಾತ್ರಿ ಎಂಟಕ್ಕೆ ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್. ಪರೀಕ್ಷೆ ದಿನ ಗ್ಲೂಕೋಸ್ ಪುಡಿ. ಎಲ್ಲದರ ಹಿಂದೆ ಒಂದೇ ನಂಬಿಕೆ: ‘ಬ್ರೈನ್‌ಗೆ ಶುಗರ್ ಬೇಕು ಗುರು.’

ಈ ನಂಬಿಕೆಯಲ್ಲಿ ಎಷ್ಟು ನಿಜ ಇದೆ, ಎಷ್ಟು ವ್ಯಾಪಾರ ಇದೆ ಅನ್ನೋದು ನನ್ನ ಪ್ರಶ್ನೆ. ಮೇಲ್ನೋಟಕ್ಕೆ ಇದು ಆರೋಗ್ಯ ಅಂಕಣದ ವಿಷಯ. ಒಳಗೆ ಹೊಕ್ಕರೆ ತೆರಿಗೆ, ಜಾಹೀರಾತು, ಬಿಸಿಯೂಟ, ಕಬ್ಬಿನ ಬೆಲೆ ಎಲ್ಲವೂ ಸಿಗುತ್ತವೆ.

ಅರ್ಧ ಸತ್ಯದ ನಿಜವಾದ ಅರ್ಧ

ಮೊದಲು ನಿಜ ಏನು ನೋಡೋಣ. ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2. ಆದರೆ ಸುಮ್ಮನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಶೇ. 20ರಷ್ಟನ್ನು ಅದೇ ಬಳಸುತ್ತೆ. ಅದರ ಮುಖ್ಯ ಇಂಧನ ಗ್ಲೂಕೋಸ್. ವಯಸ್ಕರ ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತೆ ಅನ್ನೋದು ಶರೀರಶಾಸ್ತ್ರದ ಪುಸ್ತಕಗಳಲ್ಲೇ ಇರುವ ಅಂಕಿ. ರಕ್ತದಲ್ಲಿ ಗ್ಲೂಕೋಸ್ ತೀರಾ ಇಳಿದರೆ ಗೊಂದಲ, ತಲೆಸುತ್ತು, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು.

ಇಲ್ಲಿಂದ ಒಂದೇ ಹೆಜ್ಜೆಗೆ ‘ಹಾಗಾದ್ರೆ ಸಕ್ಕರೆ ತಿನ್ನಿ’ ಅಂತ ಹಾರಿಬಿಡ್ತಾರೆ. ಆ ಹಾರಾಟದಲ್ಲೇ ಇರೋದು ಮೋಸ. ಗ್ಲೂಕೋಸ್ ಬರೋದಕ್ಕೆ ಸಕ್ಕರೆಯೇ ಬೇಕಿಲ್ಲ. ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನ, ಕಾಳು, ಬಾಳೆಹಣ್ಣು ಎಲ್ಲವೂ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಕೊಡುತ್ತವೆ. ಮಿಕ್ಕಿದ್ದನ್ನು ಯಕೃತ್ತು ಕೂಡಿಟ್ಟುಕೊಂಡು, ಊಟದ ನಡುವಿನ ಹೊತ್ತಿನಲ್ಲಿ, ರಾತ್ರಿ ನಿದ್ದೆಯಲ್ಲಿ ಬೇಕಾದಷ್ಟೇ ಬಿಡುಗಡೆ ಮಾಡುತ್ತೆ.

ಇನ್ನೊಂದು ಅಂಕಿ ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಆರೋಗ್ಯವಂತ ವಯಸ್ಕರೊಬ್ಬರ ಇಡೀ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗ್ಲೂಕೋಸ್ ಸುಮಾರು 4-5 ಗ್ರಾಂ. ಅಂದರೆ ಒಂದು ಚಹಾ ಚಮಚದಷ್ಟು. 300 ಮಿಲಿ ಲೀಟರ್ ಕೋಲಾದಲ್ಲಿ ಇರುವ ಸಕ್ಕರೆ 30 ಗ್ರಾಂಗೂ ಹೆಚ್ಚು. ಒಂದು ಚಮಚ ಕಾಯ್ದುಕೊಳ್ಳೋದನ್ನೇ ದೊಡ್ಡ ಕೆಲಸ ಮಾಡಿಕೊಂಡಿರುವ ದೇಹದೊಳಕ್ಕೆ ಐದೇ ನಿಮಿಷದಲ್ಲಿ ಆರೇಳು ಚಮಚ ಸುರಿದರೆ ಅದು ಮೆದುಳಿಗೆ ‘ಎಕ್ಸ್‌ಟ್ರಾ ಪೆಟ್ರೋಲ್’ ಆಗಲ್ಲ. ದೇಹ ಗಾಬರಿಬಿದ್ದು ಇನ್ಸುಲಿನ್ ಬಿಟ್ಟು ಅದನ್ನ ಬೇರೆ ಕಡೆ ಸಾಗಿಸೋ ಕೆಲಸಕ್ಕೆ ಇಳಿಯುತ್ತೆ.

ತಿಂದ ಮೇಲೆ ಒಂದು ಗಂಟೆ

ತಿಂದ ತಕ್ಷಣ ಏನಾಗುತ್ತೆ? 2019ರಲ್ಲಿ ಜರ್ಮನಿ ಮತ್ತು ಬ್ರಿಟನ್ನಿನ ಸಂಶೋಧಕರು ಈ ಬಗ್ಗೆ ಅದುವರೆಗೆ ನಡೆದಿದ್ದ 31 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಟ್ಟು 1,259 ಆರೋಗ್ಯವಂತ ವಯಸ್ಕರ ಮಾಹಿತಿ. ಸಕ್ಕರೆ ತಿಂದರೆ ಮನಸ್ಸು ಉಲ್ಲಾಸವಾಗುತ್ತೆ ಅನ್ನೋದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಬದಲಿಗೆ, ಸಕ್ಕರೆ ಇಲ್ಲದ ಪಾನೀಯ ಕುಡಿದವರಿಗೆ ಹೋಲಿಸಿದರೆ, ತಿಂದ ಅರ್ಧ ಗಂಟೆಯೊಳಗೆ ದಣಿವು ಹೆಚ್ಚು, ಒಂದು ಗಂಟೆಯೊಳಗೆ ಎಚ್ಚರ ಕಡಿಮೆ. ನಾವು ‘ಶುಗರ್ ರಶ್’ ಅಂತ ಕರೆಯೋದು ಹೆಚ್ಚೂಕಡಿಮೆ ಕಟ್ಟುಕತೆ.

‘ಆದ್ರೆ ಚಹಾ ಕುಡಿದ್ರೆ ನಿದ್ದೆ ಹೋಗುತ್ತಲ್ಲ?’ ಅಂತ ಕೇಳಬಹುದು. ಹೋಗುತ್ತೆ. ಅದು ಕೆಫೀನ್ ಮಾಡುವ ಕೆಲಸ. ಕಾಫಿ, ಚಹಾ, ಎನರ್ಜಿ ಡ್ರಿಂಕ್ ಮೂರರಲ್ಲೂ ದುಡಿಯೋದು ಕೆಫೀನ್, ಹೆಸರು ತಗೊಳ್ಳೋದು ಸಕ್ಕರೆ.

ವಿಜ್ಞಾನದ ಇನ್ನೊಂದು ಬದಿಯನ್ನೂ ಮುಚ್ಚಿಡಬಾರದು. ರಾತ್ರಿಯಿಡೀ ಏನೂ ತಿನ್ನದೆ ಬಂದವರಿಗೆ ಸುಮಾರು 25 ಗ್ರಾಂ ಗ್ಲೂಕೋಸ್ ಕೊಟ್ಟು ಪದಗಳ ಪಟ್ಟಿ ನೆನಪಿಡಲು ಹೇಳಿದಾಗ ಸ್ವಲ್ಪ ಸುಧಾರಣೆ ಕಂಡ ಪ್ರಯೋಗಗಳಿವೆ. ವಯಸ್ಸಾದವರಲ್ಲಿ ಇದು ಹೆಚ್ಚು ಸ್ಪಷ್ಟ, ಯುವಜನರಲ್ಲಿ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ. ಗಮನಿಸಿ: ಅದು ಪ್ರಯೋಗಾಲಯದಲ್ಲಿ, ಖಾಲಿ ಹೊಟ್ಟೆಯವರ ಮೇಲೆ, ಶುದ್ಧ ಗ್ಲೂಕೋಸ್‌ನಿಂದ, ಸ್ವಲ್ಪ ಹೊತ್ತಿಗೆ ಸಿಕ್ಕ ಲಾಭ. ಇಡ್ಲಿ-ಸಾಂಬಾರ್ ತಿಂದು ಬಂದವನಿಗೆ ಚಾಕೊಲೇಟ್ ಕೊಟ್ಟರೆ ಇತಿಹಾಸದ ಇಸವಿಗಳು ನೆನಪಾಗುತ್ತವೆ ಎಂದು ಇದರಿಂದ ಯಾರೂ ಸಾಬೀತು ಮಾಡಿಲ್ಲ.

ಹಾಗೆಯೇ ‘ಸಿಹಿ ತಿಂದ್ರೆ ಮಕ್ಕಳು ಹುಚ್ಚುಹುಚ್ಚಾಗಿ ಕುಣೀತಾರೆ’ ಅನ್ನೋ ಮಾತೂ ನಿಂತಿಲ್ಲ. 1995ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕೆ ‘ಜಾಮಾ’ದಲ್ಲಿ ಬಂದ ವಿಶ್ಲೇಷಣೆ 23 ಪ್ರಯೋಗಗಳನ್ನು ಪರಿಶೀಲಿಸಿ, ಸಕ್ಕರೆಯಿಂದ ಮಕ್ಕಳ ವರ್ತನೆಯಾಗಲಿ ಯೋಚನಾಶಕ್ತಿಯಾಗಲಿ ಬದಲಾಗುವುದಿಲ್ಲ ಎಂದಿತು. 1994ರ ಇನ್ನೊಂದು ಪ್ರಯೋಗವಂತೂ ಸೊಗಸಾಗಿದೆ. ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೀವಿ ಎಂದು ಕೆಲವು ತಾಯಂದಿರಿಗೆ ಹೇಳಲಾಯಿತು. ನಿಜಕ್ಕೂ ಯಾರಿಗೂ ಸಕ್ಕರೆ ಕೊಟ್ಟಿರಲಿಲ್ಲ. ಆದರೂ ಆ ತಾಯಂದಿರು ತಮ್ಮ ಮಗ ವಿಪರೀತ ಚಟುವಟಿಕೆಯಿಂದ ಇದ್ದಾನೆ ಅಂದರು. ನಂಬಿಕೆಗೆ ಅಷ್ಟು ಬಲ.

ಹಾಗಾಗಿ ಹಬ್ಬದ ದಿನ ಒಂದು ಹೋಳಿಗೆ ತಿಂದವರನ್ನು ಹೆದರಿಸೋದು ನನ್ನ ಉದ್ದೇಶ ಅಲ್ಲ. ಒಂದು ಹೊತ್ತಿನ ಸಿಹಿ ತಲೆಯನ್ನು ಹಾಳೂ ಮಾಡಲ್ಲ, ಉದ್ಧಾರವೂ ಮಾಡಲ್ಲ. ಸಮಸ್ಯೆ ಇರೋದು ಅಭ್ಯಾಸದಲ್ಲಿ.

ದಿನಾ ತಿಂದರೆ

ನೆನಪುಗಳನ್ನು ಕಟ್ಟುವ ಮೆದುಳಿನ ಭಾಗದ ಹೆಸರು ಹಿಪ್ಪೊಕ್ಯಾಂಪಸ್. ಎಲ್ಲಿ ಇಟ್ಟೆ, ಏನು ಓದಿದೆ, ಯಾವ ದಾರಿಯಲ್ಲಿ ಬಂದೆ ಎಲ್ಲಕ್ಕೂ ಅದೇ ಆಧಾರ. ಸಕ್ಕರೆ ಮತ್ತು ಕೊಬ್ಬು ಹೆಚ್ಚಿರುವ ಆಹಾರ ಕೊಟ್ಟ ಇಲಿಗಳಲ್ಲಿ ಈ ಭಾಗದ ಕೆಲಸ ಕುಂದುತ್ತೆ ಅನ್ನೋದು ಹಲವು ಪ್ರಯೋಗಾಲಯಗಳಲ್ಲಿ ಕಂಡಿದೆ. ಇಲಿ ಬೇರೆ, ಮನುಷ್ಯ ಬೇರೆ, ಸರಿ. ಮನುಷ್ಯರಲ್ಲಿ?

2020ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ತಂಡವೊಂದು 110 ಯುವಜನರನ್ನು ತೆಗೆದುಕೊಂಡಿತು. ಎಲ್ಲರೂ ತೆಳ್ಳಗಿನ ಮೈಕಟ್ಟಿನವರು, ಆರೋಗ್ಯವಂತರು. ಅರ್ಧದಷ್ಟು ಜನ ಒಂದು ವಾರ ವಾಫಲ್ ಮತ್ತು ಫಾಸ್ಟ್ ಫುಡ್ ತಿಂದರು, ಉಳಿದವರು ಎಂದಿನ ಊಟ ಮಾಡಿದರು. ಒಂದೇ ವಾರದಲ್ಲಿ ಮೊದಲ ಗುಂಪಿನವರು ಕಲಿಕೆ ಮತ್ತು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಇನ್ನೊಂದು ವಿಷಯವೂ ಕಂಡಿತು. ಹೊಟ್ಟೆ ತುಂಬಿದ ಮೇಲೂ ಅವರಿಗೆ ಸಿಹಿ-ತಿಂಡಿ ಬೇಕು ಅನ್ನಿಸುತ್ತಿತ್ತು. ಯಾಕಂದ್ರೆ ‘ಈಗಷ್ಟೇ ತಿಂದೆ, ಸಾಕು’ ಅಂತ ಹೇಳುವುದರಲ್ಲೂ ಹಿಪ್ಪೊಕ್ಯಾಂಪಸ್‌ಗೆ ಪಾತ್ರ ಇದೆ. ಮೊದಲು ಬ್ರೇಕನ್ನೇ ಸವೆಸಿ ಆಮೇಲೆ ಗಾಡಿ ಓಡಿಸಿದ ಹಾಗೆ. ‘ನಿನಗೆ ಮನಸ್ಸಿನ ಹತೋಟಿ ಇಲ್ಲ’ ಎಂದು ಹುಡುಗರನ್ನು ಬೈಯುವ ಮುನ್ನ ಇದನ್ನು ನೆನಪಿಡಬೇಕು.

2025ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 55 ವಿದ್ಯಾರ್ಥಿಗಳಿಗೆ ವರ್ಚುವಲ್ ರಿಯಾಲಿಟಿಯ ಜಟಿಲ ಹಾದಿಯೊಂದರಲ್ಲಿ ನಿಧಿಪೆಟ್ಟಿಗೆ ಹುಡುಕುವ ಆಟ ಕೊಟ್ಟರು. ಸಕ್ಕರೆ-ಕೊಬ್ಬು ಹೆಚ್ಚು ತಿನ್ನುವ ಅಭ್ಯಾಸ ಇದ್ದವರು ಪೆಟ್ಟಿಗೆ ಎಲ್ಲಿತ್ತು ಎಂದು ನೆನಪಿಡುವುದರಲ್ಲಿ ಹಿಂದುಳಿದರು. ದೇಹತೂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೊಂಡ ಮೇಲೂ ಇದೇ ಫಲಿತಾಂಶ. ‘ನಾನು ಸಣ್ಣಗಿದ್ದೀನಿ, ನಂಗೇನೂ ಆಗಲ್ಲ’ ಅನ್ನುವವರಿಗೆ ಇಲ್ಲಿ ಒಂದು ಪಾಠ ಇದೆ.

ಸಕ್ಕರೆ ಕಾಯಿಲೆ ಇಲ್ಲದ ಹಿರಿಯರ ಬಗ್ಗೆ ಬರ್ಲಿನ್‌ನಲ್ಲಿ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸರಾಸರಿ 63 ವರ್ಷದ 141 ಜನ. ಎಲ್ಲರ ಗ್ಲೂಕೋಸ್ ಮಟ್ಟವೂ ವೈದ್ಯರ ಲೆಕ್ಕದಲ್ಲಿ ನಾರ್ಮಲ್. ಆ ನಾರ್ಮಲ್‌ನ ಒಳಗೇ, ಮಟ್ಟ ಸ್ವಲ್ಪ ಮೇಲಿದ್ದವರ ನೆನಪು ಸ್ವಲ್ಪ ಕಡಿಮೆ, ಹಿಪ್ಪೊಕ್ಯಾಂಪಸ್‌ನ ಗಾತ್ರವೂ ಚಿಕ್ಕದು. ಅದೇ ವರ್ಷ ಅಮೆರಿಕದಲ್ಲಿ 2,067 ಹಿರಿಯರನ್ನು ಹಲವು ವರ್ಷ ಗಮನಿಸಿದ ಅಧ್ಯಯನ, ಮಧುಮೇಹ ಇಲ್ಲದವರಲ್ಲೂ ಸರಾಸರಿ ಗ್ಲೂಕೋಸ್ 100 ಇದ್ದವರಿಗಿಂತ 115 ಇದ್ದವರಿಗೆ ಮರೆಗುಳಿತನದ ಅಪಾಯ ಶೇ. 18ರಷ್ಟು ಹೆಚ್ಚು ಎಂದು ತೋರಿಸಿತು.

ಈ ಅಧ್ಯಯನಗಳಿಗೆ ಮಿತಿ ಇದೆ. ಆಸ್ಟ್ರೇಲಿಯಾದ ಎರಡರಲ್ಲೂ ಸಕ್ಕರೆ, ಕೊಬ್ಬು ಒಟ್ಟಿಗೇ ಇವೆ, ಯಾವುದು ಎಷ್ಟು ಕಾರಣ ಎಂದು ಬಿಡಿಸಿ ಹೇಳೋಕಾಗಲ್ಲ. ಹಿರಿಯರ ಅಧ್ಯಯನಗಳು ಅಳೆದದ್ದು ರಕ್ತದ ಗ್ಲೂಕೋಸನ್ನು, ತಿಂದ ಸಕ್ಕರೆಯನ್ನಲ್ಲ. ಜೊತೆಗೆ ಅವು ನಂಟು ತೋರಿಸುತ್ತವೆಯೇ ಹೊರತು ಕಾರಣವನ್ನು ಸಾಬೀತು ಮಾಡಲ್ಲ. ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ಒಂದು ಮಾತು ಉಳಿಯುತ್ತೆ: ದಿನಾ ಸಕ್ಕರೆ ತಿಂದರೆ ಆರೋಗ್ಯವಂತರ ನೆನಪು, ಯೋಚನೆ ಚುರುಕಾಗುತ್ತೆ ಅನ್ನೋದಕ್ಕೆ ಸಾಕ್ಷಿ ಇಲ್ಲ. ಸಿಕ್ಕಿರುವ ಸಾಕ್ಷಿಯೆಲ್ಲ ಎದುರು ದಿಕ್ಕಿಗೇ ಬೆರಳು ತೋರಿಸುತ್ತೆ.

ಇನ್ನು ‘ಆರೋಗ್ಯವಂತರು’ ಅನ್ನೋ ಪದವೇ ನಮ್ಮಲ್ಲಿ ಅಲುಗಾಡುತ್ತಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಆ ಹೊಸ್ತಿಲಲ್ಲಿ ನಿಂತವರಲ್ಲಿ ತಮ್ಮನ್ನು ಆರೋಗ್ಯವಂತರು ಎಂದುಕೊಂಡವರೇ ಹೆಚ್ಚು ಇರಬೇಕು.

ಚುರುಕು ಮಾರುವವರು

ಹಾಗಾದ್ರೆ ‘ಸಿಹಿ ಕುಡಿದರೆ ಬುದ್ಧಿ’ ಅನ್ನೋದು ಮನೆಮನೆಗೆ ಬಂದದ್ದು ಹೇಗೆ? ಟಿವಿಯಿಂದ. ‘ಇನ್ನಷ್ಟು ಎತ್ತರ, ಇನ್ನಷ್ಟು ಬಲ, ಇನ್ನಷ್ಟು ಚುರುಕು’ ಅನ್ನೋ ಅರ್ಥದ ಹಾರ್ಲಿಕ್ಸ್ ಜಾಹೀರಾತು ನೋಡುತ್ತಲೇ ನನ್ನ ತಲೆಮಾರು ಬೆಳೆಯಿತು. ಇದೇ ಹೇಳಿಕೆಯ ಜಾಹೀರಾತು ಬ್ರಿಟನ್‌ನಲ್ಲಿ ನೇಪಾಳಿ ಚಾನೆಲ್ ಒಂದರಲ್ಲಿ ಪ್ರಸಾರವಾದಾಗ, 2008ರಲ್ಲಿ ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಆಧಾರ ಸಾಲದು ಎಂದು ತಡೆಹಿಡಿಯಿತು. ಅಲ್ಲಿನ ಮಕ್ಕಳಿಗೆ ಹೇಳಬಾರದ ಮಾತನ್ನು ಇಲ್ಲಿನ ಮಕ್ಕಳಿಗೆ ವರ್ಷಗಟ್ಟಲೆ ಹೇಳಲಾಯಿತು.

2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಬೋರ್ನ್‌ವಿಟಾದಲ್ಲಿ ಇರುವ ಸಕ್ಕರೆ ಬಗ್ಗೆ ಒಂದು ವಿಡಿಯೊ ಮಾಡಿದರು. ಲಕ್ಷಾಂತರ ಜನ ನೋಡಿದರು. ಕಂಪನಿ ಲೀಗಲ್ ನೋಟಿಸ್ ಕಳಿಸಿತು, ಅವರು ವಿಡಿಯೊ ತೆಗೆದರು. ಆದರೆ ಮಾತು ತೆಗೆಯೋಕಾಗಲಿಲ್ಲ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಕಂಪನಿಗೆ ನೋಟಿಸ್ ಕೊಟ್ಟಿತು. ಆ ವರ್ಷದ ಕೊನೆಗೆ ಕಂಪನಿ 100 ಗ್ರಾಂ ಪುಡಿಯಲ್ಲಿ ಸೇರಿಸುವ ಸಕ್ಕರೆಯನ್ನು 37.4 ಗ್ರಾಂನಿಂದ 32.2 ಗ್ರಾಂಗೆ ಇಳಿಸಿತು. ಇಳಿಸಿದ ಮೇಲೂ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸಕ್ಕರೆಯೇ.

2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಕಾರಣ ಕೇಳಿದರೆ ನಗು ಬರುತ್ತೆ, ಸಿಟ್ಟೂ ಬರುತ್ತೆ: 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವ್ಯಾಖ್ಯಾನವೇ ಇಲ್ಲ! ಕಾನೂನಿನಲ್ಲಿ ಇಲ್ಲದ ಪದವೊಂದು ಇಷ್ಟು ವರ್ಷ ಅಂಗಡಿಯ ಕಪಾಟಿನಲ್ಲಿ ರಾಜಾರೋಷವಾಗಿ ಕೂತಿತ್ತು. ಅದೇ ತಿಂಗಳು ಹಾರ್ಲಿಕ್ಸ್ ಮಾರುವ ಹಿಂದೂಸ್ತಾನ್ ಯೂನಿಲಿವರ್ ತನ್ನ ವಿಭಾಗದ ಹೆಸರಿನಿಂದ ‘ಹೆಲ್ತ್’ ಕೈಬಿಟ್ಟು ಬೇರೆ ಹೆಸರು ಇಟ್ಟುಕೊಂಡಿತು. ಡಬ್ಬ ಅದೇ, ಹೆಸರಿನ ಚೀಟಿ ಹೊಸದು.

ವಿಜ್ಞಾನವನ್ನೇ ಖರೀದಿ ಮಾಡಿದ ಉದಾಹರಣೆಯೂ ಇದೆ. 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆಯೊಂದು ಹಾರ್ವರ್ಡ್‌ನ ಸಂಶೋಧಕರಿಗೆ 6,500 ಡಾಲರ್ ಕೊಟ್ಟು, ಹೃದ್ರೋಗದ ತಪ್ಪನ್ನು ಸಕ್ಕರೆಯಿಂದ ಕೊಬ್ಬಿನ ಮೇಲೆ ಸರಿಸುವ ಲೇಖನ ಬರೆಸಿತ್ತು. 1967ರಲ್ಲಿ ಅದು ಪ್ರತಿಷ್ಠಿತ ನಿಯತಕಾಲಿಕೆಯಲ್ಲಿ ಬಂತು. ಹಣ ಕೊಟ್ಟವರು ಯಾರು ಎಂದು ಹೊರಬಿದ್ದದ್ದು 2016ರಲ್ಲಿ. ಸುಮಾರು ಐವತ್ತು ವರ್ಷ ತಡವಾಗಿ.

ನಿಜಕ್ಕೂ ಗ್ಲೂಕೋಸ್ ಸಾಲದ ಮಕ್ಕಳು

ಈ ಚರ್ಚೆಯಲ್ಲಿ ಮಧ್ಯಮ ವರ್ಗದ ಮಗುವಿನ ಹಾಲಿನ ಲೋಟವೇ ಪದೇ ಪದೇ ಮುಂದೆ ಬರುತ್ತೆ. ಆದರೆ ಮೆದುಳಿಗೆ ಇಂಧನ ಸಾಲದೆ ಪಾಠ ತಲೆಗೆ ಹತ್ತದ ಮಕ್ಕಳು ನಮ್ಮಲ್ಲಿ ನಿಜವಾಗಿಯೂ ಇದ್ದಾರೆ. ಬೆಳಿಗ್ಗೆ ಏನೂ ತಿನ್ನದೆ ಸರ್ಕಾರಿ ಶಾಲೆಗೆ ಬರುವವರು. ಅಪ್ಪ-ಅಮ್ಮ ಮುಂಜಾನೆಯೇ ಕೂಲಿಗೆ ಹೊರಟ ಮನೆಯವರು.

ಜಮೈಕಾದ ಹಳ್ಳಿಗಳಲ್ಲಿ ಈ ಬಗ್ಗೆ ನಡೆದ ಪ್ರಯೋಗವೊಂದು 1998ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮಕ್ಕಳಿಗೆ ಶಾಲೆಯಲ್ಲಿ ಇಡೀ ವರ್ಷ ಬೆಳಗಿನ ಉಪಾಹಾರ, ಇನ್ನೊಂದು ಗುಂಪಿಗೆ ಕಾಲು ಕಿತ್ತಳೆಹಣ್ಣು. ಉಪಾಹಾರ ಪಡೆದವರ ಎತ್ತರ, ತೂಕ, ಹಾಜರಾತಿ ಸುಧಾರಿಸಿತು. ಚಿಕ್ಕ ತರಗತಿಯವರ ಲೆಕ್ಕದ ಅಂಕಗಳೂ ಏರಿದವು. ನೆನಪಿನ ಶಕ್ತಿಗೆ ಟಾನಿಕ್ ಬೇಕಿದ್ದರೆ ಇದೇ ಟಾನಿಕ್: ಹಸಿವು ನೀಗುವ ಊಟ.

ಆ ಕಣ್ಣಿನಿಂದ ಕರ್ನಾಟಕವನ್ನು ನೋಡಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯ, 2024ರಲ್ಲಿ ಅದಕ್ಕೆ ಸೇರಿದ ರಾಗಿ ಮಾಲ್ಟ್, ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿದ ಮೊಟ್ಟೆ. ನನ್ನ ಪ್ರಕಾರ ಇವು ನಮ್ಮ ರಾಜ್ಯದ ಅತ್ಯುತ್ತಮ ‘ಮೆದುಳು ಯೋಜನೆ’ಗಳು. ಮೊಟ್ಟೆ ಕೊಡಬೇಕೋ ಬೇಡವೋ ಎಂದು ಮಠ, ಪಕ್ಷಗಳು ಜಗಳ ಆಡಿದ ರಾಜ್ಯ ಇದು. ಮಗುವಿನ ತಟ್ಟೆಯ ಮೊಟ್ಟೆಗೆ ಅಷ್ಟು ಚರ್ಚೆ ನಡೆಸಿದವರು ಅದೇ ಮಗುವಿನ ಕೈಯಲ್ಲಿನ ಐದು ರೂಪಾಯಿಯ ಸಿಹಿ ಪೊಟ್ಟಣದ ಬಗ್ಗೆ ಎಂದಾದರೂ ಬೀದಿಗಿಳಿದದ್ದುಂಟಾ? ಹಾಗೇ, ಮಾಲ್ಟ್‌ಗೂ ಹಾಲಿಗೂ ಎಷ್ಟು ಸಿಹಿ ಹಾಕಬೇಕು ಅನ್ನೋದನ್ನೂ ನಾವು ಕೇಳಬೇಕು. ಬೆಲ್ಲ ಆದ್ರೆ ಪರವಾಗಿಲ್ಲ ಅನ್ನುವವರಿಗೆ ಒಂದು ಮಾತು: ಬೆಲ್ಲದಲ್ಲೂ ಬಹುಪಾಲು ಇರೋದು ಸಕ್ಕರೆಯೇ.

ತೆರಿಗೆಯ ಲೆಕ್ಕ, ಲೇಬಲ್‌ನ ಮೌನ

2025ರ ಸೆಪ್ಟೆಂಬರ್ 22ರಿಂದ ಹೊಸ ಜಿಎಸ್‌ಟಿ ಜಾರಿಗೆ ಬಂತು. ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಮ್ ಮೇಲಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ತಂಪು ಪಾನೀಯಗಳಿಗೆ ಶೇ. 40. ಕೇಳಲಿಕ್ಕೆ ಕಠಿಣ ಅನ್ನಿಸುತ್ತೆ, ಆದರೆ ಇಲ್ಲೊಂದು ತಮಾಷೆ ಇದೆ. ಸಕ್ಕರೆ ತುಂಬಿದ ಕೋಲಾಗೂ, ಸಕ್ಕರೆಯೇ ಇಲ್ಲದ ಕೋಲಾಗೂ ಅದೇ ಶೇ. 40. ಅಂದರೆ ಕಂಪನಿಗೆ ಸಕ್ಕರೆ ಕಡಿಮೆ ಮಾಡಲು ತೆರಿಗೆಯಿಂದ ಯಾವ ಒತ್ತಡವೂ ಇಲ್ಲ.

ಬ್ರಿಟನ್ ಬೇರೆ ಥರ ಮಾಡಿತು. 2018ರ ಏಪ್ರಿಲ್‌ನಲ್ಲಿ ತಂದ ಸುಂಕ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಏರುತ್ತೆ. 100 ಮಿಲಿ ಲೀಟರ್‌ನಲ್ಲಿ 5 ಗ್ರಾಂ ದಾಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಇನ್ನೂ ಹೆಚ್ಚು. ಪರಿಣಾಮ, 2015ರಿಂದ 2020ರ ನಡುವೆ ಆ ಸುಂಕದ ವ್ಯಾಪ್ತಿಗೆ ಬರುವ ಪಾನೀಯಗಳ ಸರಾಸರಿ ಸಕ್ಕರೆ ಶೇ. 46ರಷ್ಟು ಇಳಿಯಿತು. ಕಂಪನಿಗಳಿಗೆ ಉಪದೇಶ ಮಾಡಲಿಲ್ಲ, ಲೆಕ್ಕ ತೋರಿಸಿದರು.

ಚಿಲಿ ದೇಶ 2016ರಲ್ಲಿ ಸಕ್ಕರೆ ಹೆಚ್ಚಿರುವ ಪೊಟ್ಟಣದ ಮುಂಭಾಗದಲ್ಲೇ ಕಪ್ಪು ಅಷ್ಟಕೋನದ ಎಚ್ಚರಿಕೆ ಹಾಕಿಸಿತು. ಅದರ ಜೊತೆಗೆ ಜಾಹೀರಾತು ಮತ್ತು ಶಾಲೆಯಲ್ಲಿನ ಮಾರಾಟಕ್ಕೂ ಕಡಿವಾಣ. ನಂತರದ ಅಧ್ಯಯನದಲ್ಲಿ ಅಂಥ ಪಾನೀಯಗಳ ಖರೀದಿ ಸುಮಾರು ಶೇ. 24ರಷ್ಟು ತಗ್ಗಿತ್ತು. ನಮ್ಮಲ್ಲಿ? ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಎಚ್ಚರಿಕೆಯ ಬದಲು ‘ಸ್ಟಾರ್’ ಕೊಡುವ ಕರಡು ತಂದಿತು. ಸಕ್ಕರೆ ತುಂಬಿದ ಬಿಸ್ಕತ್ತಿಗೂ ಅರ್ಧ ಸ್ಟಾರ್‌ನಿಂದ ಶುರು! ಫೇಲಾದವನಿಗೂ ಪದಕ ಕೊಟ್ಟ ಹಾಗೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳಲ್ಲಿ ನಿರ್ಧಾರಕ್ಕೆ ಬನ್ನಿ ಎಂದಿತು. ಆಮೇಲೆ ಆ ಗಡುವೇ ಮುಂದಕ್ಕೆ ಹೋಯಿತು. ಹೀಗೆ ಮುಂದೂಡಿದ ಪ್ರತಿ ತಿಂಗಳೂ ಯಾರಿಗೆ ಲಾಭ ಅಂತ ಬಿಡಿಸಿ ಹೇಳಬೇಕಿಲ್ಲ.

ಕಬ್ಬಿನ ಗದ್ದೆ ಮತ್ತು ನಮ್ಮ ತಲೆ

‘ಸಕ್ಕರೆ ಬೇಡ ಅಂದ್ರೆ ರೈತರ ಹೊಟ್ಟೆ ಮೇಲೆ ಹೊಡೆದ ಹಾಗೆ’ ಅನ್ನೋ ಮಾತು ಬಂದೇ ಬರುತ್ತೆ. ಉತ್ತರ ಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ಹೆಚ್ಚು ಸಕ್ಕರೆ ಉತ್ಪಾದಿಸುವುದು ನಮ್ಮದೇ ರಾಜ್ಯ. ಮಂಡ್ಯಕ್ಕೆ ಸಕ್ಕರೆ ನಾಡು ಎಂದೇ ಹೆಸರು. ಹಾಗಾಗಿ ಈ ಪ್ರಶ್ನೆಯನ್ನು ತಳ್ಳಿಹಾಕೋಕಾಗಲ್ಲ.

ಆದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ಕೂತಾಗ ಅವರು ಕೇಳಿದ್ದೇನು? ಟನ್‌ಗೆ 3,500 ರೂಪಾಯಿ. ಕೊನೆಗೆ ಸರ್ಕಾರ ಘೋಷಿಸಿದ್ದು 3,300. ಅವರ ಜಗಳ ಇದ್ದದ್ದು ಕಾರ್ಖಾನೆ ಮಾಲೀಕರ ಜೊತೆ, ದರದ ಜೊತೆ. ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ ಬಳಸುವ ದೇಶ. ಬಳಕೆ ಇಷ್ಟಿದ್ದೂ ಬೆಳೆಗಾರ ಬೀದಿಯಲ್ಲಿ ಕೂರಬೇಕಾಯಿತು ಅಂದರೆ, ಮಕ್ಕಳು ಇನ್ನೂ ಹೆಚ್ಚು ಸಿಹಿ ತಿಂದರೆ ರೈತ ಉದ್ಧಾರ ಆಗ್ತಾನೆ ಅನ್ನೋ ತರ್ಕ ನಿಲ್ಲಲ್ಲ. ಎಥೆನಾಲ್, ವಿದ್ಯುತ್ತಿನಂಥ ಉಪಉತ್ಪನ್ನಗಳ ಲಾಭದಲ್ಲಿ ರೈತರಿಗೆ ಪಾಲು ಸಿಗಬೇಕು, ಬಾಕಿ ಸಕಾಲಕ್ಕೆ ಬರಬೇಕು. ಬೆಳೆಗಾರನ ನ್ಯಾಯವನ್ನು ವಿದ್ಯಾರ್ಥಿಯ ಲೋಟದಲ್ಲಿ ಕದಡಬೇಕಿಲ್ಲ.

ಏನು ಕೇಳೋಣ

ಸ್ವಂತಕ್ಕೆ ಮಾಡಿಕೊಳ್ಳಬಹುದಾದದ್ದು ಸರಳ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಳ್ಳೆಯ ಮಿತಿ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಹಾ ಚಮಚ. ಓದುವ ದಿನಗಳಲ್ಲಿ ಹೊಟ್ಟೆಗೆ ಸರಿಯಾದ ಊಟ, ಚಹಾದಲ್ಲಿ ಅರ್ಧ ಸಕ್ಕರೆ, ರಾತ್ರಿ ನಿದ್ದೆ. ಓದಿದ್ದು ತಲೆಯಲ್ಲಿ ಉಳಿಯೋದಕ್ಕೆ ನಿದ್ದೆಯಷ್ಟು ನೆರವಾಗುವ ಡಬ್ಬ ಯಾವ ಅಂಗಡಿಯಲ್ಲೂ ಸಿಗಲ್ಲ.

ಆದರೆ ಇದನ್ನು ಬರೀ ಸ್ವಂತ ಶಿಸ್ತಿನ ಪ್ರಶ್ನೆ ಮಾಡಿಬಿಟ್ಟರೆ ಕಂಪನಿಗಳಿಗೆ ಅದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ. ಹಾಸ್ಟೆಲ್ ಮೆಸ್‌ನಲ್ಲಿ ಸಕ್ಕರೆ ಮೊದಲೇ ಬೆರೆಸಿದ ಚಹಾ ಒಂದೇ ಸಿಗುತ್ತೆ, ಹಣ್ಣು ಸಿಗಲ್ಲ ಅಂದ ಮೇಲೆ ‘ಆಯ್ಕೆ’ ಅನ್ನೋ ಪದಕ್ಕೆ ಅರ್ಥ ಏನು? ಆದ್ದರಿಂದ ವಿದ್ಯಾರ್ಥಿ ಸಂಘಟನೆಗಳ ಬೇಡಿಕೆ ಪಟ್ಟಿಗೆ ಇವೂ ಸೇರಲಿ. ಸಿಬಿಎಸ್‌ಇ ಶಾಲೆಗಳಲ್ಲಿ ಇರುವ ಬೋರ್ಡ್ ನಮ್ಮ ರಾಜ್ಯ ಪಠ್ಯಕ್ರಮದ ಶಾಲೆ, ಕಾಲೇಜು, ಸರ್ಕಾರಿ ಹಾಸ್ಟೆಲ್‌ಗಳಿಗೂ ಬರಲಿ, ಕನ್ನಡದಲ್ಲಿ. ಪೊಟ್ಟಣದ ಮುಂಭಾಗದಲ್ಲಿ ಸ್ಟಾರ್ ಬೇಡ, ಎಚ್ಚರಿಕೆ ಬೇಕು. ತೆರಿಗೆ ಸಕ್ಕರೆಯ ಗ್ರಾಂ ಲೆಕ್ಕದಲ್ಲಿ ಇರಲಿ. ಮಕ್ಕಳ ನೆನಪು, ಏಕಾಗ್ರತೆ, ಚುರುಕಿನ ಹೆಸರು ಹೇಳಿ ಸಕ್ಕರೆ ತುಂಬಿದ ಯಾವುದನ್ನೂ ಮಾರದಂತೆ ನಿಯಮ ಬರಲಿ.

ಹಸಿದ ಮಗುವಿಗೆ ಮೊಟ್ಟೆ ಕೊಡೋದಕ್ಕೆ ದುಡ್ಡಿಲ್ಲ ಅನ್ನುವ ವ್ಯವಸ್ಥೆ ಬಿಸ್ಕತ್ತಿನ ತೆರಿಗೆ ಬಿಟ್ಟುಕೊಡುವಾಗ ಆ ಮಾತು ಮರೆತುಬಿಡುತ್ತೆ. ಅದನ್ನು ನೆನಪಿಸುವ ಕೆಲಸ ನಮ್ಮದು.